ಒದ್ದೆ ಗಾಲಿಗೆ ಬ್ರೇಕು

ನಮ್ಮ ಮನೆಯವರ ಅಂಗಿಗೆ ಗುಂಡಿ ಹಚ್ಚಬೇಕಾಗಿತ್ತು. ಹೊಲಿಗೆ ಯಂತ್ರದ ಖಾನೆಯಲ್ಲಿ ಕೈಯಾಡಿಸಿದರೆ ಗುಂಡಿಯ ಬದಲು ಎರಡು ಕರಿ ರಬ್ಬರಿನ ತುಂಡು ಸಿಕ್ಕವು. ಹೆಬ್ಬೆರಳಿನಷ್ಟು ಉದ್ದ. ಒಂದು ಮೈ ಸವೆದು ಸವೆದು ಹರಳಿನಂತೆ ಮಿರುಗುತ್ತಿತ್ತು. ಉಗುರು ಊರಿದರೆ ಗುರುತು ಕೂಡ ಮೂಡಲಿಲ್ಲ. ನನ್ನ ಸೈಕಲ್ಲಿನ ಹಳೆಯ ಬ್ರೇಕ್ ರಬ್ಬರುಗಳು ಅವು. ಸೂಜಿ ದಾರದ ನಡುವೆ ಅವು ಹೇಗೆ ಬಂದವು ಎಂದು ಕೇಳಬೇಡಿ. ನಮ್ಮ ಮನೆಯಲ್ಲಿ ವಸ್ತುಗಳು ತಮಗೆ ಇಷ್ಟ ಬಂದ ಕಡೆ ಇರುತ್ತವೆ. ಕಸದ ಬುಟ್ಟಿಗೆ ಹಾಕೋಣವೆಂದು ಎದ್ದವಳು ಬಾಗಿಲ ತನಕ ಹೋಗಿ ಹೊಸ್ತಿಲ ಹತ್ತಿರವೇ ಕುಳಿತುಬಿಟ್ಟೆ. ಅಂಗಿ ಇನ್ನೂ ಹಾಗೆಯೇ ಬಿದ್ದಿದೆ. ಬಿದ್ದಿರಲಿ, ಮೊದಲು ನಿಮಗೆ ಈ ಬ್ರೇಕಿನ ಸಂಗತಿ ಹೇಳಿಬಿಡುತ್ತೇನೆ.

ಬ್ರೇಕಿಗೂ ನನಗೂ ಮೊದಲಿನಿಂದಲೂ ಅಷ್ಟಕ್ಕಷ್ಟೆ. ನಾನು ಸೈಕಲ್ಲು ಕಲಿತದ್ದು ತವರೂರು ಬೆಳುಂಕಿಯಲ್ಲಿ, ಅಪ್ಪನ ಕಬ್ಬಿಣದ ಸೈಕಲ್ಲಿನ ಮೇಲೆ. ಮೇಲೆ ಎಂದರೆ ತಪ್ಪಾದೀತು. ನಡುವಿನ ಕೊಳವೆಯ ಕೆಳಗೆ ಕಾಲು ತೂರಿಸಿ, ಒಂದು ಪಕ್ಕಕ್ಕೆ ಜೋತುಬಿದ್ದು ತುಳಿಯುವ ವಿದ್ಯೆ ಅದು. ಆ ಸೈಕಲ್ಲಿಗೆ ಬ್ರೇಕಿನ ಸಲಾಕೆಗಳೇನೋ ಇದ್ದವು. ಒತ್ತಿದರೆ ಕಟಕಟ ಎಂದು ಸದ್ದು ಮಾಡುತ್ತಿದ್ದವು, ಅಷ್ಟೆ. ನಿಲ್ಲಿಸುವ ಕೆಲಸವನ್ನೆಲ್ಲ ಊರೇ ಮಾಡುತ್ತಿತ್ತು. ನಮ್ಮ ಓಣಿಯ ತುದಿಗೆ ಜೋಳದ ಕಣಿಕೆಯ ಬಣವೆ ಇತ್ತು. ಅದರೊಳಗೆ ಹೋಗಿ ಮುಖ ಹುಗಿದರೆ ಸೈಕಲ್ಲು ನಿಲ್ಲುತ್ತಿತ್ತು. ಬಣವೆ ದನಗಳ ಹೊಟ್ಟೆ ಸೇರಿ ಕರಗಿದ ಬೇಸಿಗೆಯಲ್ಲಿ ಚಪ್ಪಲಿಯನ್ನು ಮುಂದಿನ ಟೈರಿಗೆ ಒತ್ತುತ್ತಿದ್ದೆ. ನನ್ನ ಬಲಗಾಲಿನ ಚಪ್ಪಲಿ ಮಾತ್ರ ಯಾಕೆ ಇಷ್ಟು ಬೇಗ ಸವೆಯುತ್ತದೆ ಎಂಬುದು ಅವ್ವನಿಗೆ ಬಗೆಹರಿಯಲೇ ಇಲ್ಲ. ಹುಡುಗಿಯ ನಡಿಗೆಯಲ್ಲಿ ಏನೋ ಐಬಿದೆ ಎಂದು ಅಜ್ಜಿಯ ಹತ್ತಿರ ಪಿಸುಗುಟ್ಟಿದ್ದಳು.

ಇವೆಲ್ಲ ಸೋತರೆ ಚಂದೂ ಕಾಕಾ ಇದ್ದ. ಅಪ್ಪನ ಗೆಳೆಯ. ಸಂಜೆಯಾದರೆ ಕಟ್ಟೆಯ ಮೇಲೆ ಕುಳಿತಿರುತ್ತಿದ್ದ. ನಾನು ತೂರಾಡುತ್ತ ಬರುವುದನ್ನು ಕಂಡರೆ ಎದ್ದು ಬಂದು, ಎರಡೂ ಕೈಯಿಂದ ಹ್ಯಾಂಡಲ್ಲು ಹಿಡಿದು, "ಎಲ್ಲಿಗಿ ಹೊಂಟೀಯವಾ ಇಷ್ಟ ಲಗೂನ?" ಎಂದು ಕೇಳುತ್ತಿದ್ದ. ಎಲ್ಲಿಗೂ ಇಲ್ಲ, ನಿಲ್ಲಿಸಲು ಬರುತ್ತಿಲ್ಲ ಎನ್ನಲು ನಾಚಿಕೆಯಾಗಿ, "ಅಂಗಡಿಗಿ" ಎನ್ನುತ್ತಿದ್ದೆ. ಆತ ಗಂಭೀರವಾಗಿ ತಲೆಯಾಡಿಸಿ, ಸೈಕಲ್ಲನ್ನು ಅಂಗಡಿಯ ಕಡೆಗೆ ತಿರುಗಿಸಿ ಕೊಡುತ್ತಿದ್ದ. ಅವನಿಗೆ ಗೊತ್ತಿತ್ತೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಮದುವೆಯಾಗಿ ಜತ್ತ ತಾಲೂಕಿನ ಮಾಡಗ್ಯಾಳಕ್ಕೆ ಬಂದೆ. ಮನೆಮಾತು ಕನ್ನಡ, ಆದರೆ ಗಡಿಯಾಚೆ, ಮರಾಠಿ ರಾಜ್ಯಕ್ಕೆ ಸೇರಿದ ಊರು. ನಮ್ಮ ಮನೆಯವರಿಗೆ ಅಲ್ಲಿ ಹಿಟ್ಟಿನ ಗಿರಣಿ. ನನಗೆ ಕುಣಿಕೋಣೂರಿನ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ. ನಡುವೆ ಓಡಾಡುವ ಸರಕಾರಿ ಎಸ್‌ಟಿ ಬಸ್ಸಿಗೆ ತನ್ನದೇ ಆದ ಪಂಚಾಂಗವಿತ್ತು. ಹೀಗಿರುವಾಗ ನಮ್ಮೂರಿನ ಮರಾಠಿ ಶಾಲೆಯ ಸರ್ ಒಬ್ಬರು ಬದಲಿಯಾಗಿ ಹೊರಟರು. ಅವರ ಮಗಳು ಹಾಸ್ಟೆಲ್ಲು ಸೇರಿದ್ದರಿಂದ ಅವಳ ಸೈಕಲ್ಲು ಮೂಲೆ ಹಿಡಿದಿತ್ತು. "ನೀವು ತಗೊಳ್ರಿ ಬಾಯಾರ, ಗಾಲಿ ತಿರಗಲಿ" ಎಂದು ನನಗೆ ಬಿಟ್ಟುಹೋದರು. ಬಾಯಾರ ಎಂದರೆ ನಮ್ಮ ಕಡೆ ಟೀಚರು.

ಅದು ಓಟದ ಸೈಕಲ್ಲು. ಟೈರು ಬೆರಳಗಲ. ಹ್ಯಾಂಡಲ್ಲು ಮುಂದಕ್ಕೆ ಹೋಗಿ, ಕೆಳಕ್ಕೆ ಬಾಗಿ, ಹಿಂದಕ್ಕೆ ಸುತ್ತಿಕೊಂಡಿತ್ತು. ಒಂದೇ ಕೈಯಲ್ಲಿ ಎತ್ತಬಹುದಾದಷ್ಟು ಹಗುರ. ನಲವತ್ತು ದಾಟಿದ, ಪಂಜಾಬಿ ಡ್ರೆಸ್ಸಿನ ಮೇಲೆ ಸ್ವೆಟರು ಹಾಕಿಕೊಂಡು ಹೆಗಲಿಗೆ ಟಿಫಿನ್ ಚೀಲ ಏರಿಸಿದ ಹೆಂಗಸೊಬ್ಬಳು ಅದರ ಮೇಲೆ ಬಗ್ಗಿ ಕುಳಿತು ಹೊರಟರೆ ಹೇಗಿರುತ್ತದೆ ಎಂಬುದನ್ನು ನಾನು ಕಂಡಿಲ್ಲ, ಊರು ಕಂಡಿದೆ. ನಮ್ಮೂರಿನ ಕುರಿಗಳು ನಿಮಗೆ ಗೊತ್ತಿರಬೇಕು: ಉದ್ದ ಕಾಲಿನ, ಗಿಳಿಮೂಗಿನ, ಕೋಡಿಲ್ಲದ ಕುರಿಗಳು. ಅಂಥದೊಂದು ಹಿಂಡನ್ನು ಕಾಯುವ ಬಾಯಕ್ಕ ಮೊದಲ ದಿನವೇ ದಾರಿಯಲ್ಲಿ ನಿಂತು ಸೈಕಲ್ಲನ್ನು ಸುತ್ತು ಹಾಕಿ ನೋಡಿ, "ನಮ್ಮ ಟಗರಿಗಿ ಕೋಡ ಇಲ್ಲ ಬಾಯಾರ. ನಿಮ್ಮ ಸೈಕಲ್ಲಿಗಿ ಎರಡೂ ಅದಾವಲ್ರಿ" ಎಂದಳು.

ನಗುವವರು ನಕ್ಕು ಮುಗಿಸಿದರು. ನಾನು ತುಳಿಯುತ್ತಲೇ ಇದ್ದೆ. ಬೆಳಗಿನ ಹೊತ್ತು ಬಿಳಿಜೋಳದ ಹೊಲಗಳ ನಡುವೆ ಒಬ್ಬಳೇ ಸಾಗುವಾಗ ಮನಸ್ಸಿನೊಳಗಿನ ಅಡಿಗೆಮನೆ, ಹಾಜರಿ, ವರದಿ ಎಲ್ಲವೂ ಹಿಂದುಳಿದುಬಿಡುತ್ತಿದ್ದವು. ಶಾಲೆ ಮುಟ್ಟುವ ಹೊತ್ತಿಗೆ ನಾನು ಯಾರ ಸೊಸೆಯೂ ಅಲ್ಲ, ಯಾರ ಬಾಯಾರೂ ಅಲ್ಲ, ಮತ್ತೆ ಬೆಳುಂಕಿಯ ಹುಡುಗಿಯಾಗಿರುತ್ತಿದ್ದೆ. ಆಮೇಲೆ ಗಂಟೆ ಹೊಡೆಯುತ್ತಿತ್ತು.

ಒಣ ದಾರಿಯಲ್ಲಿ ಆ ಬ್ರೇಕುಗಳು ಎಂದೂ ಕೈಕೊಟ್ಟವಲ್ಲ. ಮಳೆಯಲ್ಲಿ ಹೇಗಿರುತ್ತವೆ ಎಂದು ಯೋಚಿಸುವ ಪ್ರಸಂಗವೇ ಬಂದಿರಲಿಲ್ಲ. ಜತ್ತ ತಾಲೂಕಿನಲ್ಲಿ ಮಳೆಗೆಂದು ಬ್ರೇಕು ನೋಡಿಟ್ಟುಕೊಳ್ಳುವವರು ಯಾರು? ನಾವು ಛತ್ರಿಯನ್ನೂ ಬಿಸಿಲಿಗೆಂದೇ ಕೊಳ್ಳುವವರು. ಮುಂಗಾರು ನಮ್ಮನ್ನು ದೂರದಿಂದಲೇ ಮಾತಾಡಿಸಿ ಹೋಗುತ್ತದೆ. ಬಂದರೆ ಹಿಂಗಾರು ಮಳೆ. ಅದು ಬಂದಾಗ ಹೇಳಿ ಕೇಳಿ ಬರುವುದಿಲ್ಲ.

ಒಂದು ಸಂಜೆ ಹಾಗೆಯೇ ಬಂತು. ಶಾಲೆ ಬಿಟ್ಟು ಮುಕ್ಕಾಲು ದಾರಿ ಬಂದಿದ್ದೆ. ಮಾಡಗ್ಯಾಳದ ಈಚೆಗೆ ದಾರಿ ಉದ್ದಕ್ಕೆ ಇಳಿದು ಹಳ್ಳದ ಸಣ್ಣ ಸೇತುವೆಗೆ ಹೋಗುತ್ತದೆ. ಆ ಇಳಿಜಾರಿನ ನೆತ್ತಿಯಲ್ಲಿ ದಪ್ಪ ಹನಿ ಶುರುವಾಯಿತು. ನೆನೆದರೆ ನೆನೆದೆ, ಮನೆ ಹತ್ತಿರವೇ ಬಂತಲ್ಲ ಎಂದು ಖುಷಿಯಿಂದಲೇ ಇಳಿಯತೊಡಗಿದೆ. ಕೆಳಗೆ ಸೇತುವೆಯ ಮೇಲೆ ಬಾಯಕ್ಕನ ಹಿಂಡು ಕಾಣಿಸಿತು. ಬ್ರೇಕು ಹಿಡಿದೆ.

ಏನೂ ಆಗಲಿಲ್ಲ.

ಇನ್ನೂ ಜೋರಾಗಿ ಹಿಡಿದೆ. ಕೈಯೊಳಗಿನ ಹಿಡಿಕೆ ಹ್ಯಾಂಡಲ್ಲಿಗೆ ಹೋಗಿ ತಾಗಿತು. ಸೈಕಲ್ಲಿಗೆ ಮಾತ್ರ ಸುದ್ದಿಯೇ ಮುಟ್ಟಲಿಲ್ಲ. ನಾನು ಕೂಗಿಕೊಂಡೆ. ಕುರಿಗಳು ಹೆದರಿದರೆ ಬದಿಗೆ ಸರಿಯುವುದಿಲ್ಲ, ಒಂದಕ್ಕೊಂದು ಒತ್ತಿಕೊಂಡು ನಡುರಸ್ತೆಗೇ ಬಂದು ನಿಲ್ಲುತ್ತವೆ. ಅವುಗಳ ಹಿಂದೆ ಬಾಯಕ್ಕ, ಕಂಕುಳಲ್ಲಿ ಅಂದೇ ಹುಟ್ಟಿದ ಮರಿ. ಆ ಬದಿಗೆ ಸೇತುವೆಯ ಕಲ್ಲು. ಈ ಬದಿಗೆ ಬಿತ್ತನೆಗೆ ಹದ ಮಾಡಿದ ಎರೆಹೊಲ. ಹ್ಯಾಂಡಲ್ಲನ್ನು ಹೊಲದ ಕಡೆಗೆ ತಿರುಗಿಸಿದ್ದು ನೆನಪಿದೆ. ಆಮೇಲೆ ಬಾಯೊಳಗೆ ಮಣ್ಣಿನ ರುಚಿ.

ಬಾಯಕ್ಕ ಬಂದು ನನ್ನನ್ನು ಕೆಸರಿನಿಂದ ಎಬ್ಬಿಸಿ ಬೇವಿನ ಗಿಡದ ಬುಡಕ್ಕೆ ಕೂಡಿಸಿದಳು. ತನ್ನ ತಲೆಯ ಮೇಲಿದ್ದ ಕಂಬಳಿ ತೆಗೆದು ನನಗೆ ಹೊದಿಸಿದಳು. ಮರಿಯನ್ನೂ ಅದರೊಳಗೆ ತುರುಕಿದಳು. "ಹಿಡಕೋರಿ. ಅದೂ ನಡಗ್ಲಾಕತ್ತದ, ನೀವೂ ನಡಗ್ಲಾಕತ್ತೀರಿ." ನನ್ನ ಬಲಗೈಯ ಮಣಿಕಟ್ಟು ಆಗಲೇ ಬಾತುಕೊಳ್ಳುತ್ತಿತ್ತು. ನನ್ನ ಫೋನಿನಿಂದ ಬಾಯಕ್ಕನೇ ನಮ್ಮ ಮನೆಯವರಿಗೆ ಹೇಳಿದಳು. ಇವರು ಬರುವ ತನಕ, ತಾನು ತೊಯ್ದು ತಪ್ಪಡಿಯಾಗುತ್ತ, ನನ್ನ ಪಕ್ಕದಲ್ಲೇ ನಿಂತಿದ್ದಳು.

ಇವರು ಮೋಟರ್‌ಸೈಕಲ್ಲಿನ ಮೇಲೆ ಬಂದರು. ಗಿರಣಿಯಿಂದ ಹಾಗೆಯೇ ಎದ್ದು ಬಂದಿದ್ದರು. ತೋಳಿನ ಮೇಲಿನ ಹಿಟ್ಟು ಮಳೆಗೆ ಕಲಸಿ ಕಣಕವಾಗಿತ್ತು. ನನ್ನ ಕೈ ಹಿಡಿದು ತಿರುಗಿಸಿ ನೋಡಿದರು. ಬಾಯಕ್ಕನೇ ಬಾಯಿಬಿಟ್ಟಳು.

"ಬಾಯಾರದೇನೂ ತಪ್ಪಿಲ್ರಿ ಯಪ್ಪಾ. ಒದರಿ ಹೇಳಿದ್ರು. ಆದ್ರ 'ಬಾಜೂ ವ್ಹಾ, ಬಾಜೂ ವ್ಹಾ' ಅಂತ ಮರಾಠಿಯೊಳಗ ಒದರಿದ್ರು. ನನ್ನ ಕುರಿಗೋಳಿಗಿ ಕನ್ನಡ ಒಂದ ಬರ್ತದ."

ಇಷ್ಟು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದವಳು ಪ್ರಾಣಕ್ಕೆ ಬಂದ ಹೊತ್ತಿನಲ್ಲಿ ಬದಿಗೆ ಸರಿಯಿರಿ ಎಂದು ಮರಾಠಿಯಲ್ಲಿ ಕೂಗಿದ್ದೆ. ಆ ನೋವಿನಲ್ಲೂ ನನಗೆ ನಗು ಬಂತು. ಬಾಯಕ್ಕನೂ ನಕ್ಕಳು. ಇವರು ನಗಲಿಲ್ಲ. ಸೈಕಲ್ಲನ್ನು ಹೊಲದಿಂದ ಎತ್ತಿ, ಮುಂದಿನ ಗಾಲಿ ತಿರುಗಿಸಿ, ಬ್ರೇಕು ಹಿಡಿದು ನೋಡುತ್ತಿದ್ದರು.

ಮೂಳೆ ಮುರಿದಿರಲಿಲ್ಲ. ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಸ್ಸಿನಲ್ಲಿ ಓಡಾಡತೊಡಗಿದೆ. ಪಟ್ಟಿ ಬಿಚ್ಚಿದ ಮೇಲೂ ಬಸ್ಸು ಬಿಡಲಿಲ್ಲ. ಹೆದರಿಕೆ ಹೀಗಿರುತ್ತದೆ ಎಂದು ನಾನು ತಿಳಿದಿರಲಿಲ್ಲ: ರೊಟ್ಟಿ ಬಡಿಯುತ್ತಿರುವಾಗ, ಬೋರ್ಡಿನ ಮೇಲೆ ಬರೆಯುತ್ತಿರುವಾಗ, ಇದ್ದಕ್ಕಿದ್ದಂತೆ ಬೆರಳುಗಳು ತಾವೇ ಮುಷ್ಟಿಯಾಗಿ, ಹಿಡಿದರೂ ಹಿಡಿಯದ ಆ ಹಿಡಿಕೆಯನ್ನು ಹುಡುಕುತ್ತಿದ್ದವು. ಮರಿಯನ್ನು ಹಿಡಿದು ನಿಂತ ಬಾಯಕ್ಕ ಕಣ್ಣಮುಂದೆ ಬರುತ್ತಿದ್ದಳು. ಈ ಬದಿಗೆ ಹೊಲ ಇರದಿದ್ದರೆ ಎಂಬಲ್ಲಿಗೆ ಯೋಚನೆ ಬಂದು ನಿಲ್ಲುತ್ತಿತ್ತು.

"ಸೈಕಲ್ ಯಾರಿಗರೆ ಕೊಟ್ಟಬಿಡ್ರಿ" ಎಂದೆ ಒಂದು ದಿನ.

"ಹೂಂ" ಎಂದರು ಇವರು. ಇವರ ಹೂಂಗೆ ಅರ್ಥ ಹಚ್ಚಲು ಹೋಗಿ ಸೋತವರಲ್ಲಿ ನಾನೇ ಮೊದಲಿಗಳು. ಸೈಕಲ್ಲು ಗಿರಣಿಯ ಮೂಲೆ ಸೇರಿತು. ಕೊಟ್ಟುಬಿಡಲು ಯಾರೋ ಸಿಕ್ಕಿರಬೇಕೆಂದು ತಿಳಿದು ನಾನು ಮತ್ತೆ ಕೇಳಲಿಲ್ಲ.

ಕೆಲವು ವಾರಗಳ ಮೇಲೆ, ಕರೆಂಟು ಇಲ್ಲದೆ ಗಿರಣಿ ನಿಂತ ಒಂದು ದಿನ, ಯಂತ್ರದ ಪಟ್ಟಾ, ಅಂದರೆ ಬೆಲ್ಟು, ತರಬೇಕೆಂದು ಇವರು ಸಾಂಗ್ಲಿಗೆ ಹೋದರು. ಸಂಜೆ ಮರಳಿದಾಗ ಕೈಯಲ್ಲಿ ಸಣ್ಣದೊಂದು ಡಬ್ಬಿ.

"ಇದೇನ್ರಿ?"

"ಬ್ರೇಕ."

"ಗಿರಣಿಗೇನ್ರಿ?"

"ಗಿರಣಿಗಿ ಯಾಕ ಬ್ರೇಕ? ನಿನಗ."

ಹೀಗಂದು ಚಹಾ ಕುಡಿಯಲು ಕುಳಿತರು. ಒಂದೊಂದಾಗಿ ಆಮೇಲೆ ತಿಳಿಯಿತು. ದಿನಾ ಸಂಜೆ ಗಿರಣಿ ಮುಚ್ಚಿದ ಮೇಲೆ ಇವರು ಆ ಸೈಕಲ್ಲನ್ನು ಮಗುಚಿ ನಿಲ್ಲಿಸಿ, ಗಾಲಿ ತಿರುಗಿಸಿ, ಮೇಲೆ ನೀರು ಸುರಿದು ಬ್ರೇಕು ಹಿಡಿದು ಹಿಡಿದು ನೋಡಿದ್ದರಂತೆ. ಫೋನಿನಲ್ಲಿ ಯಾರ್ಯಾರದೋ ವಿಡಿಯೋ ನೋಡಿದ್ದರಂತೆ. ಹೊತ್ತು ಮೀರಿ ಬಂದ ಗಿರಾಕಿಗಳು ಇವರನ್ನು ಕಂಡು, ಶಿವಲಿಂಗಣ್ಣನಿಗೆ ಏನಾಯಿತೆಂದು ಗೊಂದಲಪಟ್ಟಿದ್ದರಂತೆ. ನನಗೊಬ್ಬಳಿಗೇ ಸುದ್ದಿಯಿರಲಿಲ್ಲ.

"ನೋಡಿಲ್ಲಿ" ಎಂದು ಚಹಾ ಮುಗಿಸಿ ಡಬ್ಬಿ ಬಿಚ್ಚಿದರು. "ಗಾಲಿಗಿ ನೀರ ಹತ್ತಿತಂದ್ರ ಹಳೀ ರಬ್ಬರ ಜಾರ್ತದ. ಅದು ಕಲ್ಲಾಗಿತ್ತು. ಇದು ಮಳಿಗಂತನ ಮಾಡಿದ್ದು. ಮೆತ್ತಗದ. ನೀರ ಹೊರಗ ಹೋಗ್ಲಾಕ ಗೆರಿ ಅದಾವ. ಈ ಇಕ್ಕಳನೂ ಹೊಸಾದು." ಗಾಲಿಯನ್ನು ಎರಡೂ ಬದಿಯಿಂದ ಅದುಮುವ ಆ ಇಕ್ಕಳಕ್ಕೆ ಒಂದರ ಬದಲು ಎರಡು ಕೀಲುಗಳಿದ್ದವು. ಹಳೆಯದು ತೆಳ್ಳಗಿತ್ತು, ನನ್ನ ಕೈಯ ಬಲವೆಲ್ಲ ಅದು ಬಾಗುವುದರಲ್ಲೇ ಮುಗಿಯುತ್ತಿತ್ತು. ಉಳಿದದ್ದನ್ನು ತುಕ್ಕು ಹಿಡಿದ ತಂತಿ ತಿಂದುಹಾಕುತ್ತಿತ್ತು. ಹೊಸ ತಂತಿಯೂ ಬಂದಿತ್ತು.

"ಡಿಸ್ಕ್ ಬ್ರೇಕ ಮಳ್ಯಾಗ ಇನ್ನೂ ಚಲೋ ಅಂತ. ಆದ್ರ ಈ ಸೈಕಲ್ಲಿಗಿ ಅದನ್ನ ಕೂಡಸ್ಲಾಕ ಜಾಗಾನ ಇಲ್ಲ ಅಂದ ಅಂಗಡ್ಯಾಂವ" ಎಂದು ತಮ್ಮದೇ ತಪ್ಪೇನೋ ಎಂಬಂತೆ ಸೇರಿಸಿದರು.

ಭಾನುವಾರ ಅಂಗಳದಲ್ಲಿ ಗೋಣಿತಟ್ಟು ಹಾಸಿ ಇಬ್ಬರೂ ಕುಳಿತೆವು. ಹಿಡಿಕೆ ಒತ್ತುವುದು, ಬಿಡುವುದು ನನ್ನ ಕೆಲಸ. ಬಿಗಿ ಮಾಡುವುದು ಅವರ ಕೆಲಸ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಕೂಡಿತು. ಗಾಲಿ ತಿರುಗಿಸಿ ಬ್ರೇಕು ಹಿಡಿದೆ. ಅದು ಕಿರುಚಿದ ಸದ್ದಿಗೆ ಎದುರು ಮನೆಯ ಮಾಳಿಗೆಯ ಮೇಲಿನ ಪಾರಿವಾಳಗಳು ಎದ್ದುಹೋದವು. ಪಕ್ಕದ ಮನೆಯ ಜುಬೇದಾ, ಊರಿನ ಅರ್ಧ ಹೆಂಗಸರ ಕುಪ್ಪಸ ಹೊಲಿಯುವವಳು, ಕೊರಳಲ್ಲಿ ಟೇಪು ಇದ್ದಂತೆಯೇ ಬಂದು ನಿಂತಳು.

"ಅಕ್ಕಾ, ಏನ ಕೊಯ್ಲಾಕತ್ತೀರಿ? ನನ್ನ ಮಷೀನ ಬಂದ ಮಾಡಿ ಬಂದೆ ನೋಡ್ರಿ."

ಇವರು ಸಾಂಗ್ಲಿಯ ಅಂಗಡಿಯವನಿಗೆ ಫೋನು ಹಚ್ಚಿದರು. ರಬ್ಬರಿನ ಮುಂದಿನ ತುದಿ ಕೂದಲೆಳೆಯಷ್ಟು ಮೊದಲು ಗಾಲಿಗೆ ತಾಗಬೇಕು, ಹಿಂದಿನ ತುದಿಗೆ ಏನಾದರೂ ತೆಳ್ಳಗಿನದು ಇಟ್ಟು ಬಿಗಿ ಮಾಡಿ ಆಮೇಲೆ ತೆಗೆದುಬಿಡಿ ಎಂದು ಆತ ಮರಾಠಿಯಲ್ಲಿ ಹೇಳಿದ. ತೆಳ್ಳಗಿನದು ಎಂದರೆ ಏನು ಎಂದು ನಾವು ಮುಖ ಮುಖ ನೋಡುತ್ತಿರುವಾಗ ಜುಬೇದಾ ಒಳಗೆ ಹೋಗಿ ದಾರದ ಪೆಟ್ಟಿಗೆಯ ರಟ್ಟು ಕತ್ತರಿಸಿ ತಂದಳು. ಅದನ್ನಿಟ್ಟು ಬಿಗಿ ಮಾಡಿದರು. ಮತ್ತೆ ಗಾಲಿ ತಿರುಗಿಸಿ ಹಿಡಿದೆ. ಸದ್ದಿಲ್ಲದೆ ನಿಂತಿತು. ನಾವು ಮೂವರೂ ಆ ನಿಂತ ಗಾಲಿಯನ್ನು ಒಂದು ಕ್ಷಣ ನೋಡಿದೆವು. ಇಷ್ಟು ಗಮನ ಕೊಟ್ಟು ನಾನು ಅದಕ್ಕಿಂತ ಮೊದಲು ನಿಂತ ವಸ್ತುವೊಂದನ್ನು ನೋಡಿದ ನೆನಪಿಲ್ಲ.

ಎಲ್ಲ ಸರಿಯಾಯಿತು, ಮಳೆ ಮಾತ್ರ ಇಲ್ಲ. ದಿನ ದಿನ ಕಾದರೂ ಆಕಾಶ ತೊಳೆದಿಟ್ಟಂತೆ ನೀಲಿ. "ಮಳಿ ಹಾದಿ ಕಾಯೂದು ಬ್ಯಾಡ" ಎಂದರು ಇವರು. "ನಾವ ನೀರ ಒಯ್ಯೂಣು."

ಮರುದಿನ ಬೆಳಗ್ಗೆ ಮೋಟರ್‌ಸೈಕಲ್ಲಿಗೆ ಎರಡು ನೀರಿನ ಕ್ಯಾನು ಕಟ್ಟಿ, ನಾನು ಸೈಕಲ್ಲು ತಳ್ಳಿಕೊಂಡು, ಅದೇ ಇಳಿಜಾರಿಗೆ ಹೋದೆವು. ಸೇತುವೆಗಿಂತ ಸಾಕಷ್ಟು ಹಿಂದೆ ರಸ್ತೆಗೆ ಅಡ್ಡಲಾಗಿ ಸೀಮೆಸುಣ್ಣದಿಂದ ಗೆರೆ ಎಳೆದೆ. ಅದನ್ನು ದಾಟುವುದರೊಳಗೆ ನಿಲ್ಲಬೇಕು. ಅಷ್ಟರಲ್ಲಿ ಬಾಯಕ್ಕ ಹಿಂಡು ಹೊಡೆದುಕೊಂಡು ಬಂದವಳು ನಮ್ಮನ್ನು ಕಂಡು ಕುರಿಗಳನ್ನೆಲ್ಲ ಹೊಲಕ್ಕಿಳಿಸಿದಳು. "ನಿಮ್ಮದ ಮೊದಲ ಆಗ್ಲಿ ಬಾಯಾರ. ನಮಗೇನ ಅವಸರಿಲ್ಲ" ಎಂದು ಕೋಲಿಗೆ ಗದ್ದವೂರಿ ನಿಂತಳು.

ಇವರು ಎರಡೂ ಗಾಲಿಗೆ, ಬ್ರೇಕಿಗೆ, ಮುಂದಿನ ರಸ್ತೆಗೆ ನೀರು ಸುರಿದರು. ನಾನು ಏರಿ ಕುಳಿತೆ. ಕೆಳಗೆ ನೋಡಿದೆ. ಕಾಲು ನೆಲ ಬಿಡಲಿಲ್ಲ.

"ನನ್ನ ಕೈಲೆ ಆಗಂಗಿಲ್ರಿ" ಎಂದೆ.

ಬೇರೆ ಯಾರಾದರೂ ಆಗಿದ್ದರೆ ಧೈರ್ಯ ಹೇಳುತ್ತಿದ್ದರು. ಇವರು "ಇಳಿ" ಎಂದರು. ಇಳಿದೆ. ಪ್ಯಾಂಟಿನ ಕಾಲು ಮಡಚಿ, ಆ ಕಿರಿದಾದ ಸೀಟಿನ ಮೇಲೆ ತಮ್ಮ ಅಷ್ಟೂ ದೇಹವನ್ನು ಏರಿಸಿ ಕುಳಿತರು. ಮದುವೆಯಾದಾಗಿನಿಂದ ಇವರು ಸೈಕಲ್ಲು ಹೊಡೆದದ್ದನ್ನು ನಾನು ನೋಡಿರಲಿಲ್ಲ. "ನೀರ ಹಾಕು" ಎಂದರು. ಹಾಕಿದೆ. ನನ್ನ ಕಡೆ ತಿರುಗಿ ನೋಡದೆ ಹೊರಟುಬಿಟ್ಟರು.

ಅವರು ಇಳಿಯುವುದನ್ನು ನಾನು ಮೇಲಿನಿಂದ ನೋಡುತ್ತ ನಿಂತೆ. ಹ್ಯಾಂಡಲ್ಲು ಅತ್ತಿತ್ತ ಹೊಯ್ದಾಡಿತು. ವೇಗ ಏರಿತು. ಬೆನ್ನಿನ ಅಂಗಿ ಗಾಳಿಗೆ ಉಬ್ಬಿತು. ಇನ್ನು ಹಿಡಿಯಬೇಕು ಎಂದು ನನ್ನ ಕೈ ಇಲ್ಲೇ ಮುಷ್ಟಿಯಾಯಿತು. ಅವರೂ ಹಿಡಿದರು. ಮೊದಲು ಏನೂ ಇಲ್ಲ; ಮರುಕ್ಷಣ ಸೈಕಲ್ಲು ಭಾರವಾದಂತೆ ನಿಧಾನವಾಯಿತು. ಇನ್ನೂ ನಿಧಾನವಾಯಿತು. ಗೆರೆ ಮುಟ್ಟುವ ಮೊದಲೇ ಕಾಲೂರಿ ನಿಂತರು. ಅಲ್ಲಿಂದ ಸೈಕಲ್ಲು ತಳ್ಳಿಕೊಂಡು ಮೇಲೆ ಬಂದಾಗ ಹಣೆಯ ತುಂಬ ಬೆವರು. ಅದು ಏರು ಹತ್ತಿದ ಬೆವರಷ್ಟೇ ಆಗಿರಲಿಲ್ಲ. ಅವರಿಗೂ ಹೆದರಿಕೆಯಾಗಿತ್ತು.

"ಗಾಲಿ ಮೊದಲ ನೀರ ಒರಸ್ಕೋತದ. ಆಮ್ಯಾಲೆ ಹಿಡೀತದ. ಅಲ್ಲಿತನ ತಡಕೋ, ಗಾಬರಿ ಆಗಬ್ಯಾಡ" ಎಂದರು. "ಹೊಲದ ಕಡಿಗಿ ತಿರಗಸ್ಲಾಕ ಹೋಗಬ್ಯಾಡ."

ನಾನು ಹೋದೆ. ಅವರು ಹೇಳಿದಂತೆಯೇ ಆಯಿತು. ಗಾಲಿ ನೀರು ಒರೆಸಿಕೊಂಡಿತು, ಆಮೇಲೆ ಹಿಡಿಯಿತು. ಅಂಗೈಯಿಂದ ಹೊರಟ ಮಾತು ಗಾಲಿಗೆ ಮುಟ್ಟಿದ್ದು ನನಗೆ ಗೊತ್ತಾಯಿತು. ಗೆರೆಗೆ ಇನ್ನೂ ಮಾರುದೂರ ಇರುವಾಗಲೇ ನಿಂತೆ. ಬಾಯಕ್ಕ ಹೊಲದಿಂದ ರಸ್ತೆಗೆ ಬಂದು, ನನ್ನ ಮುಖ ನೋಡಿ, ನನ್ನ ಕಣ್ಣೀರನ್ನು ತನ್ನ ಸೆರಗಿನಿಂದ ಒರೆಸಿದಳು. ಅಳುತ್ತಿದ್ದೆನೆಂದು ಅಲ್ಲಿಯ ತನಕ ನನಗೆ ತಿಳಿದಿರಲಿಲ್ಲ.

ಇಷ್ಟು ವರ್ಷದ ಸಂಸಾರದಲ್ಲಿ ಇವರು ನನಗೆ ಪ್ರೀತಿಯ ಮಾತು ಎಂದು ಆಡಿದ್ದು ಬಹಳ ಕಡಿಮೆ. ಬಿಟ್ಟುಬಿಡು ಎಂದಿದ್ದರೆ ನಾನು ಬಿಡುತ್ತಿದ್ದೆ. ಹಾಗೆನ್ನುವುದು ಅವರಿಗೆ ಎಲ್ಲಕ್ಕಿಂತ ಸುಲಭವಾಗಿತ್ತು. ಅವರು ಹಾಗೆನ್ನದೆ ಸಾಂಗ್ಲಿಯ ತನಕ ಹೋಗಿ ಬಂದರು. ನನ್ನನ್ನು ಮನೆಯಲ್ಲಿ ನಿಲ್ಲಿಸುವ ಬದಲು ನಾನು ನಿಲ್ಲಿಸಬಲ್ಲಂಥ ಸೈಕಲ್ಲನ್ನು ಮಾಡಿಕೊಟ್ಟರು. ಇದನ್ನು ಅವರಿಗೆ ಹೇಳಲು ನಾನು ಹಲವು ಸಲ ಬಾಯಿ ತೆರೆದಿದ್ದೇನೆ. ಗಿರಣಿಯ ಸದ್ದಿನಲ್ಲಿ ಕೇಳಿಸುವುದಿಲ್ಲ ಎಂಬ ನೆಪ ಯಾವಾಗಲೂ ಸಿಗುತ್ತದೆ.

ನಿಜವಾದ ಮಳೆ ಬಂದದ್ದು ಮುಂದಿನ ಹಿಂಗಾರಿಗೆ. ಶಾಲೆ ಬಿಡುವ ಹೊತ್ತಿಗೆ ಕಪ್ಪಾಗಿದ್ದ ಆಕಾಶ ನಾನು ಇಳಿಜಾರಿಗೆ ಬರುವಷ್ಟರಲ್ಲಿ ಒಡೆದುಕೊಂಡಿತು. ನಿಧಾನವಾಗಿ, ಆಗಾಗ ಬ್ರೇಕು ತಾಗಿಸಿ ಗಾಲಿ ಒರೆಸಿಕೊಳ್ಳುತ್ತ ಇಳಿದೆ. ಕೆಳಗೆ ಬಂದರೆ, ಮೇಲೆಲ್ಲೋ ಮೊದಲೇ ಸುರಿದಿದ್ದ ಮಳೆಗೆ ಹಳ್ಳ ತುಂಬಿ, ಸೇತುವೆಯ ಮೇಲೆ ಕೆಂಪು ನೀರು ಹರಿಯುತ್ತಿತ್ತು. ಹಿಡಿಕೆ ಒತ್ತಿದೆ. ಸೈಕಲ್ಲು ನೀರಿನ ಅಂಚಿಗಿಂತ ಬಹಳ ಮೊದಲೇ ನಿಂತಿತು.

ಆಚೆ ದಡದಲ್ಲಿ ಮೋಟರ್‌ಸೈಕಲ್ಲು ನಿಲ್ಲಿಸಿಕೊಂಡು ಇವರು ನಿಂತಿದ್ದರು, ಕಂಕುಳಲ್ಲಿ ನನ್ನ ರೇನ್‌ಕೋಟು, ತಾವು ತೊಯ್ದುಕೊಂಡು. ಏನೋ ಕೂಗಿದರು. ನೀರಿನ ಸದ್ದಿಗೆ ಕೇಳಿಸಲಿಲ್ಲ. ನಾನು ಕಿವಿ ತೋರಿಸಿದೆ. ಅವರು ರೇನ್‌ಕೋಟನ್ನು ಸೀಟಿನ ಮೇಲಿಟ್ಟು, ಎರಡೂ ಕೈ ಮುಂದೆ ಚಾಚಿ, ಗಾಳಿಯಲ್ಲೇ ಬ್ರೇಕು ಹಿಡಿದು ತೋರಿಸಿ, ಹೇಗೆ ಎಂಬಂತೆ ತಲೆಯೆತ್ತಿದರು.

ನಾನೂ ಸೈಕಲ್ಲನ್ನು ಸೊಂಟಕ್ಕೆ ಒರಗಿಸಿ, ಎರಡೂ ಕೈ ಚಾಚಿ, ಮುಷ್ಟಿ ಹಿಡಿದು ತೋರಿಸಿದೆ. ಹಿಡಿಯಿತು ಎಂದು.

ಅವರು ತಲೆಯಾಡಿಸಿದರು. ನೀರು ಇಳಿಯುವ ತನಕ ಆ ದಡದಲ್ಲಿ ಅವರು, ಈ ದಡದಲ್ಲಿ ನಾನು ನಿಂತುಕೊಂಡೆವು.